ಟೀವಿಗೆ ಐವತ್ತೆರಡು ನಿಮಿಷ

ಸಾಕ್ಷ್ಯಚಿತ್ರದಿಂದ ಕತ್ತರಿಸಲ್ಪಟ್ಟವರು ಹುಟ್ಟಿಯೇ ಇರಲಿಲ್ಲವೆಂದು ಸಾರುವ ನಾಚಿಕೆಗೆಟ್ಟ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ಚಿತ್ರೋತ್ಸವದಲ್ಲಿ ಎರಡು ಗಂಟೆ ಓಡಿದ್ದ ಕಲ್ಲುಗಣಿ ದುರಂತದ ಚಿತ್ರವನ್ನು ಟೀವಿಗಾಗಿ ಐವತ್ತೆರಡು ನಿಮಿಷಕ್ಕೆ ಇಳಿಸಲಾಗುತ್ತಿತ್ತು. ಸಂಕಲನಕಾರನ ಬೆನ್ನ ಹಿಂದೆ ತಿಪ್ಪವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

“ಸತ್ತ ನಮ್ಮಣ್ಣ ಇನ್ನೂ ಅದಾನೇನ್ರಿ ಸಾಹೇಬ್ರ?”

“ಅದಾನವ್ವಾ. ಆದ್ರ ಇನ್ನೂ ಒಂದು ನಿಮಿಷ ತೆಗೀಬೇಕು.”

“ಮಂತ್ರಿಗಳ ಭಾಷಣ ಏಳು ನಿಮಿಷ ಐತಲ್ರಿ?”

“ಅದನ್ನ ಮುಟ್ಟಿದ್ರ ನಾಳೆ ನಾನೂ ಹುಟ್ಟಿರಂಗಿಲ್ಲ.”

ಸಂಕಲನಕಾರನ ಬೆರಳು ಅಣ್ಣನ ದೃಶ್ಯದತ್ತ ಸರಿಯಿತು. ಅದರ ಪಕ್ಕದಲ್ಲೇ ತಿಪ್ಪವ್ವ ಅಳುತ್ತ ಸಾಕ್ಷಿ ನುಡಿದ ಒಂದು ನಿಮಿಷವಿತ್ತು.

“ತಡೀರಿ, ನನ್ನ ತೆಗೀರಿ” ಎಂದಳು.

ಅವಳು ಹೊರಗೆ ಬಂದಾಗ ಬಾಗಿಲ ಕಾವಲುಗಾರ ಬಂದುಹೋಗುವವರ ಪುಸ್ತಕದಲ್ಲಿ ಅವಳ ಹೆಸರನ್ನು ಆಗಲೇ ಅಳಿಸಿದ್ದ. ಅವಳು ಇನ್ನೂ ಎದುರಿಗೆ ನಿಂತಿರುವಾಗಲೇ ಫೋನಿನಲ್ಲಿ ಹೇಳುತ್ತಿದ್ದ: “ಇಲ್ರಿ, ಇವತ್ತು ಯಾರೂ ಬಂದಿಲ್ಲ.”