ಸಬ್‌ಟೈಟಲ್ ಇಲ್ಲದ ಸಿನಿಮಾ

ದೆಸಾಂಕಾ ತಾನು ಆರಿಸಿದ ಸಿನಿಮಾದ ಹೆಸರು ಹೇಳಿದಾಗ ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಫ್ರಾನೆಯ ಕಡೆ ತಿರುಗಿದವು. ಅವನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟ.

"ಬೆಲ್‌ಗ್ರೇಡಿನವರು ತೆಗೆದಿದ್ದು," ಎಂದಳು ದೆಸಾಂಕಾ. "ಯುದ್ಧದ ಕಥೆ. ನಾನು ನೋಡಿದ್ರಲ್ಲಿ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಆದ್ರೆ ಕ್ಯಾಸೆಟ್‌ನಲ್ಲಿ ಸಬ್‌ಟೈಟಲ್ ಇಲ್ಲ. ನಾನೇ ಕೂತು ಇಂಗ್ಲಿಷಲ್ಲಿ ಹೇಳ್ತಾ ಹೋಗ್ತೀನಿ."

"ನೀನು ಹೇಳಿದ್ದನ್ನ ನಾವು ನಂಬಬೇಕು," ಎಂದ ಫ್ರಾನೆ.

ಆಸ್ಟ್ರೇಲಿಯಾದ ಗಣಿಯೂರು ಕೂಬರ್ ಪೀಡಿಯಲ್ಲಿ ಹೊರದೇಶದ ಸಿನಿಮಾಗಳ ಹುಚ್ಚಿದ್ದವರು ಏಳೆಂಟು ಜನ. ಟೀಚರ್ ನೋರೀನ್ ಮನೆಯಲ್ಲಿ ಭಾನುವಾರ ಸೇರುತ್ತಿದ್ದರು. ಒಬ್ಬರು ತಮಗೆ ತುಂಬ ಇಷ್ಟವಾದ ಸಿನಿಮಾ ಸೂಚಿಸುವುದು, ಮುಂದಿನ ಸಲ ಎಲ್ಲರೂ ಕೂತು ಅದನ್ನು ನೋಡುವುದು. ಇಟಲಿಯದು, ಪೋಲೆಂಡಿನದು ಎಂದು ಯಾರೂ ಕೇಳಿರದ ಸಿನಿಮಾ ಹುಡುಕಿ ತರುವುದರಲ್ಲಿ ಫ್ರಾನೆಯನ್ನು ಮೀರಿಸುವವರಿರಲಿಲ್ಲ. ಅವನು ಓಪಲ್ ಹರಳು ಅಗೆಯುವವನು, ಕ್ರೊಯೇಷಿಯಾದವನು. ಬೇಕರಿಯ ದೆಸಾಂಕಾ ಸರ್ಬಿಯಾದವಳು, ಬೆಲ್‌ಗ್ರೇಡ್ ಅವಳ ದೇಶದ ರಾಜಧಾನಿ. ಅವಳ ಒಬ್ಬನೇ ಮಗ ಕೆಲಸ ಕಲಿತದ್ದು ಫ್ರಾನೆಯ ಗಣಿಯಲ್ಲೇ. ಆ ಎರಡು ನಾಡುಗಳ ನಡುವೆ ಯುದ್ಧ ಶುರುವಾದಾಗ ಹುಡುಗ ಹೇಳದೆ ಕೇಳದೆ ಹೋರಾಡಲು ವಿಮಾನ ಹತ್ತಿದ, ತಿರುಗಿ ಬರಲಿಲ್ಲ. ಅದೇ ಯುದ್ಧದಲ್ಲಿ, ಎದುರು ಪಕ್ಷದಲ್ಲಿ, ಫ್ರಾನೆಯ ತಮ್ಮ ಜುರೆ ಸತ್ತ; ಊರಲ್ಲಿದ್ದ ತಾಯಿ ಕರೆದರೂ ಫ್ರಾನೆ ಮಣ್ಣಿಗೆ ಹೋಗಲಿಲ್ಲ. ಆಮೇಲೆ, ದೆಸಾಂಕಾ ಮತ್ತು ಫ್ರಾನೆ ಇಬ್ಬರ ಮನೆಮಾತೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಎದುರಾದರೆ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಮುಗಿಸುತ್ತಿದ್ದರು.

ನೋರೀನ್ ಬೇಕರಿಗೆ ಹೋಗಿ ಬೇರೆ ಸಿನಿಮಾ ಆರಿಸಿಕೊಳ್ಳಲು ದೆಸಾಂಕಾಳನ್ನು ಕೇಳಿಕೊಂಡಳು. ಇಷ್ಟು ವರ್ಷ ನೀವೆಲ್ಲ ತೋರಿಸಿದ್ದನ್ನು ನಾನು ನೋಡಿಲ್ಲವೇ, ನನ್ನದನ್ನು ಒಂದು ಸಲ ನೋಡಿದರೆ ಏನಾಗುತ್ತದೆ ಎಂದು ಅವಳು ಬ್ರೆಡ್ಡು ಕತ್ತರಿಸುತ್ತಲೇ ಕೇಳಿದಳು. ಈ ಸಲ ನೀನು ಬರದಿದ್ದರೆ ಒಳ್ಳೆಯದು ಎಂದು ಫ್ರಾನೆಗೂ ಹೇಳಿ ನೋಡಿದ್ದಾಯಿತು. ಅವಳು ಎಲ್ಲೆಲ್ಲಿ ಸುಳ್ಳು ಹೇಳುತ್ತಾಳೆಂದು ಹಿಡಿಯಲು ಇನ್ಯಾರಿದ್ದಾರೆ, ಬಂದೇ ಬರುತ್ತೇನೆ ಎಂದ ಅವನು.

ಭಾನುವಾರ ಹೊರಗೆ ಬಿಸಿಲು ಸುಡುತ್ತಿತ್ತು. ನೆಲದೊಳಗೆ ಕೊರೆದ ನೋರೀನಳ ಮನೆಯಲ್ಲಿ ದೀಪ ಆರಿಸಿದರೆ ಕಗ್ಗತ್ತಲು. ಫ್ರಾನೆ ಧೂಳು ಮೆತ್ತಿದ ಕೆಲಸದ ಬಟ್ಟೆಯಲ್ಲೇ ಬಂದು, ದೆಸಾಂಕಾಳ ಬೆನ್ನ ಹಿಂದೆಯೇ ಕುರ್ಚಿ ಎಳೆದುಕೊಂಡು ಕೂತ. ಸುಣ್ಣ ಬಳಿದ ಗೋಡೆಯ ಮೇಲೆ ಸಿನಿಮಾ ಶುರುವಾಯಿತು. ಅವಳು ಮೆಲುದನಿಯಲ್ಲಿ ಒಂದೊಂದೇ ಮಾತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಕಂದಕದಲ್ಲಿ ಕೂತ ಸೈನಿಕನೊಬ್ಬ ಆಚೆ ಕಡೆ ಕೈ ತೋರಿಸಿ ಏನೋ ಅಂದು ಉಗಿದ.

"ಆ ಕಡೆಯವರು ಇನ್ನೂ ಎದ್ದಿಲ್ಲ ಅಂತಿದಾನೆ," ಎಂದಳು ದೆಸಾಂಕಾ.

"ಅವನು ಹಾಗನ್ನಲಿಲ್ಲ," ಹಿಂದಿನಿಂದ ಫ್ರಾನೆಯ ದನಿ. "ಸರಿಯಾಗಿ ಹೇಳು."

ನೋರೀನ್ ಎದ್ದು ನಿಂತಳು. ದೆಸಾಂಕಾ ಕೈ ಎತ್ತಿ ಅವಳನ್ನು ಕೂರಿಸಿದಳು. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಅದೇ ಮಾತನ್ನು ಇನ್ನೊಂದು ಸಲ ಕೇಳಿಸಿದಳು. "ಕ್ರೊಯೇಷಿಯಾದ ನಾಯಿಗಳು ಇನ್ನೂ ಎದ್ದಿಲ್ಲ ಅಂದ," ಎಂದಳು. ಯಾರೋ ಕೆಮ್ಮಿದರು. ಫ್ರಾನೆಯ ಕುರ್ಚಿ ಒಮ್ಮೆ ಕಿರುಗುಟ್ಟಿತು. ಅಲ್ಲಿಂದ ಮುಂದೆ ಅವಳು ಯಾವ ಬೈಗುಳವನ್ನೂ ಬಿಡಲಿಲ್ಲ. ತನ್ನವರು ಆಡಿದ್ದನ್ನೂ ಬಿಡಲಿಲ್ಲ, ತನ್ನವರಿಗೆ ಬಿದ್ದದ್ದನ್ನೂ ಬಿಡಲಿಲ್ಲ. ಪ್ರತಿಸಲ ಫ್ರಾನೆ ಈಗ ಏಳುತ್ತಾನೆ, ಈಗ ಕುರ್ಚಿ ಒದೆಯುತ್ತಾನೆ ಎಂದು ಕೂತವರು ಹಿಂದೆ ತಿರುಗಿ ನೋಡಿದರು.

ಕೊನೆಕೊನೆಗೆ ಗೋಡೆಯ ಮೇಲೆ ಒಂದು ಅಡುಗೆಮನೆ ಮೂಡಿತು. ಸೈನಿಕ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಒಲೆಯ ಮುಂದಿದ್ದ ಮುದುಕಿ ತಿರುಗಿ ನೋಡದೆಯೇ ಏನೋ ಕೇಳಿದಳು.

"ನನ್ನ ಮಗನನ್ನ ಎಲ್ಲಿ ಹೂತ್ರಿ ಅಂತ ಕೇಳ್ತಿದಾಳೆ," ಎಂದಳು ದೆಸಾಂಕಾ. ಅಷ್ಟೇ. ಮುದುಕಿ ಮುಂದೆ ಮಾತಾಡುತ್ತಲೇ ಇದ್ದಳು, ದೆಸಾಂಕಾಳ ದನಿ ಮಾತ್ರ ಹೊರಡಲಿಲ್ಲ. ಅರ್ಥವಾಗದ ಆ ಮಾತುಗಳು ಕತ್ತಲಲ್ಲಿ ಒಂದರ ಹಿಂದೊಂದು ಹಾದುಹೋದವು. ನೋರೀನ್ ಪ್ರೊಜೆಕ್ಟರಿನ ಸ್ವಿಚ್ಚಿಗೆ ತಡಕಾಡಿದಳು.

"ಮಳೆ ಬರ್ತಿತ್ತಾ ಅಂತ ಕೇಳ್ತಾಳೆ," ಹಿಂದಿನಿಂದ ಫ್ರಾನೆ ಶುರುಮಾಡಿದ. "ಬರ್ತಿತ್ತು ಅಂತಾನೆ ಇವನು. ಯಾರಾದ್ರೂ ಪ್ರಾರ್ಥನೆ ಹೇಳಿದ್ರಾ ಅಂತಾಳೆ. ನೆನಪಿದ್ದಷ್ಟು ಹೇಳಿದ್ವಿ ಅಂತಾನೆ." ಕಲ್ಲು ಒಡೆಯುವವನ ಒರಟು ಗಂಟಲಲ್ಲಿ ಮುದುಕಿಯ ಒಂದೊಂದೇ ಮಾತು ತಪ್ಪದೆ ಬಂತು. ನೋರೀನ್ ಕೈ ಹಿಂದಕ್ಕೆ ತೆಗೆದಳು.

"ಜುರೆಗೆ ಕಾಲು ಬೇಗ ತಣ್ಣಗಾಗತ್ತೆ ಅಂತಾಳೆ. ಉಣ್ಣೆಯ ಕಾಲುಚೀಲ ಹಾಕಿದ್ರಾ ಅಂತ ಕೇಳ್ತಾಳೆ. ಫ್ರಾನೆ, ನೀನಾದ್ರೂ ಬಂದು ಒಂದ್ಸಲ ಮುಖ ನೋಡಬಾರದಿತ್ತಾ ಅಂತಾಳೆ…"

ಸಿನಿಮಾದ ಮಗನ ಹೆಸರು ಜುರೆ ಆಗಿರಲಿಲ್ಲ. ಗೋಡೆಯ ಮೇಲಿನ ಮುದುಕಿ ಬಾಯಿ ಮುಚ್ಚಿ, ಕಿಟಕಿಯ ಕಡೆ ಮುಖಮಾಡಿ ಕೂತು ಆಗಲೇ ಸುಮಾರು ಹೊತ್ತಾಗಿತ್ತು. ಫ್ರಾನೆ ಇನ್ನೂ ಹೇಳುತ್ತಲೇ ಇದ್ದ.

"ಅವಳು ಮಾತು ನಿಲ್ಲಿಸಿದಳಲ್ವಾ?" ನೋರೀನ್ ದೆಸಾಂಕಾಳ ಕಿವಿಯಲ್ಲಿ ಕೇಳಿದಳು.

"ಇಲ್ಲ," ಎಂದಳು ದೆಸಾಂಕಾ. "ಇನ್ನೂ ಮಾತಾಡ್ತಿದಾಳೆ. ಸುಮ್ನೆ ಕೇಳು."