ಗೋಡೆ ಒರೆಸುವ ದಿನ

ಬಾಡಿಗೆ ಕೋಣೆ ಬಿಡುವವರು ಕಸ ಗುಡಿಸಿ, ಮೊಳೆ ಕಿತ್ತು, ಗೋಡೆಯಲ್ಲಿ ಕೂತ ಮಾತುಗಳನ್ನೂ ಒರೆಸಿಕೊಡಬೇಕು ಎಂಬುದು ಆ ನಗರದ ಎಲ್ಲ ಓನರುಗಳ ಕರಾರು. ಹಾಗಾಗಿ ಭಾನುವಾರ ಮಧ್ಯಾಹ್ನ ಆ ಕಟ್ಟಡದ ಗೋಡೆ ಒರೆಸುವ ಮುನಿರತ್ನಮ್ಮ ಬಕೆಟ್ಟು, ಬಟ್ಟೆ ಹಿಡಿದು, ಸಿಂಚನ ಬಿಡಲಿದ್ದ ಕೋಣೆಗೆ ಬಂದರು.

"ಮೂರು ವರ್ಷ ಇದ್ದೆ ಅಲ್ವೇನಮ್ಮಾ, ಭಾಳ ಹೊತ್ತು ಹಿಡಿಯತ್ತೆ," ಎನ್ನುತ್ತ ಒದ್ದೆ ಬಟ್ಟೆ ಎಳೆದರು. ಬಟ್ಟೆ ತಾಗಿದಲ್ಲೆಲ್ಲ ಗೋಡೆ ಸಿಂಚನಳದೇ ದನಿಯಲ್ಲಿ ಹೇಳಿತು: "ಊಟ ಆಯ್ತಮ್ಮ, ಚೆನ್ನಾಗಿದೀನಿ." ಕಿಟಕಿಯ ಪಕ್ಕ ಅದೇ. ಬಾಗಿಲ ಹಿಂದೆಯೂ ಅದೇ.

"ಬೇರೆ ಮಾತೇ ಆಡಿಲ್ವೇನಮ್ಮಾ ಇಲ್ಲಿ?"

ಆಡಲು ಯಾರಿದ್ದರು? ಆಫೀಸು ಮುಗಿಸಿ, ಎರಡು ಬಸ್ಸು ಬದಲಿಸಿ ಬಂದು, ನಾಲ್ಕು ಬಿಸ್ಕತ್ತು ತಿಂದು ಮಲಗುವ ಮುಂಚೆ ಅವಳು ಹೇಳುತ್ತಿದ್ದದ್ದು ಆ ಸುಳ್ಳೊಂದನ್ನೇ.

ಅವಳ ದನಿಯೆಲ್ಲ ಹೋದಮೇಲೆ, ಅದರಡಿಯಿಂದ ಬೇರೊಬ್ಬ ಹುಡುಗಿಯ ದನಿ ಎದ್ದಿತು: "ಊಟ ಆತವ್ವಾ, ಆರಾಮ್ ಅದೀನಿ."

"ಇದ್ಯಾರು?" ಸಿಂಚನ ಬೆಚ್ಚಿದಳು.

"ನಿಂಗಿಂತ ಮುಂಚೆ ಇದ್ದೋಳು. ಇಲ್ಲೇ ಹೋಗ್ಬಿಟ್ಲು, ಪಾಪ. ಹೋದೋರ ಮಾತು ಎಷ್ಟು ಉಜ್ಜಿದ್ರೂ ಬಿಡಲ್ಲ ಕಣಮ್ಮಾ."

ಅಷ್ಟರಲ್ಲಿ ಅಮ್ಮನ ಫೋನು ಬಂತು. "ಊಟ ಆಯ್ತಾ ಮಗಾ?"

ಇವತ್ತಾದರೂ ನಿಜ ಹೇಳಿಬಿಡೋಣವೆಂದು ಸಿಂಚನ ಬಾಯಿ ತೆರೆದಳು. ಅಷ್ಟರೊಳಗೆ ಗೋಡೆ ಹೇಳಿಯಾಗಿತ್ತು: "ಊಟ ಆತವ್ವಾ, ಆರಾಮ್ ಅದೀನಿ."

"ಹಂಗಾದ್ರೆ ಸರಿ, ಇಡ್ತೀನಿ," ಎಂದು ಅಮ್ಮ ನೆಮ್ಮದಿಯಿಂದ ಫೋನಿಟ್ಟಳು.