ಹೆಸರು ಕೊರೆಸಿದ ಲೋಟ

ಬೀದಿ ಗುಡಿಸುವ ದಯಾಮಣಿಗೆ ಓದು ಬಾರದು. ಆದರೂ ಬಾಯಾರಿದವರಿಗೆ ನೀರು ಕೊಡಿರೆನ್ನುವ ಬೈಬಲ್ ಅಧ್ಯಾಯವನ್ನು ಕೇಳಿ ಕೇಳಿಯೇ ಕಲಿತು, ಹೋದ ಭಾನುವಾರದ ಕಂಠಪಾಠ ಸ್ಪರ್ಧೆಯಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿ ಗೆದ್ದಿದ್ದಳು. ಈ ಭಾನುವಾರ ಚರ್ಚಿನ ಸ್ತ್ರೀಸಂಘದ ಅಧ್ಯಕ್ಷೆ, ದೇವರ ಮುಂದೆ ಮೇಲು ಕೀಳಿಲ್ಲವೆಂದು ಅರ್ಧ ಗಂಟೆ ಮಾತಾಡಿ, ಕಣ್ಣೊರೆಸಿಕೊಂಡು ಬಹುಮಾನ ಕೊಟ್ಟರು. ಪಳಪಳ ಹೊಳೆಯುವ ಸ್ಟೀಲ್ ಲೋಟ.

"ಇದೇನು ಬರೆದೈತೆ ಅಮ್ಮಾವ್ರೇ?"

"ನಿನ್ನ ಹೆಸರು ಕಣೇ. ನಾನೇ ಪಾತ್ರೆ ಅಂಗಡೀಲಿ ನಿಂತು ಕೊರೆಸಿದ್ದು."

"ಎಂಥ ದೊಡ್ಡ ಮನಸ್ಸು ನಿಮ್ಮದು!" ಎಂದರು ಪಕ್ಕದಲ್ಲಿದ್ದ ಕಾರ್ಯದರ್ಶಿ.

ದಯಾಮಣಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಹನ್ನೆರಡು ವರ್ಷದಿಂದ ಆರಾಧನೆ ಮುಗಿದೊಡನೆ ಅವಳು ಮನೆಗೆ ಹೊರಟುಬಿಡುತ್ತಿದ್ದಳು. ಆಮೇಲಿನ ಕಾಫಿಗೆ ನಿಲ್ಲೆಂದು ಯಾರೂ ಕರೆದಿರಲಿಲ್ಲ.

"ಇವತ್ತು ಹೋಗಬೇಡ. ಎಲ್ಲರ ಜೊತೆ ಕಾಫಿ ಕುಡಿ," ಎಂದರು ಅಧ್ಯಕ್ಷೆ.

"ನಾನಾ ಅಮ್ಮಾವ್ರೇ?"

"ಹ್ಞೂಂ, ನೀನೇ. ಇನ್ನು ವಾರವಾರವೂ ಕುಡಿ. ಈ ಲೋಟ ಮಾತ್ರ ಮರೀದೆ ತಗೊಂಡು ಬಾ. ಹೆಸರು ಕೊರೆಸಿದ್ದೇ ಅದಕ್ಕೆ, ನಮ್ಮ ಲೋಟಗಳ ಜೊತೆ ಬೆರೀಬಾರದು ಅಂತ."